ಬೀಗದ ಗುರುತಿನ ಹಿಂದಿದ್ದ ಹೆಸರು

೨೦೦೭ರಲ್ಲಿ ನಂಜನಗೂಡಿನ ಬಜಾರಿನಲ್ಲಿ ನಾನೂ ನನ್ನ ಗಂಡ ನಾಗಭೂಷಣರೂ ಕಂಪ್ಯೂಟರ್ ಅಂಗಡಿ ಇಟ್ಟಿದ್ದೆವು. ಅಗರಬತ್ತಿ ವ್ಯಾಪಾರಿಯೊಬ್ಬರ ವೆಬ್‌ಸೈಟ್ ನಮ್ಮ ಸರ್ವರ್‌ನಲ್ಲೇ ಓಡುತ್ತಿತ್ತು. ಮೇ ತಿಂಗಳ ಒಂದು ಮಧ್ಯಾಹ್ನ ಸೈಟ್ ತೆರೆದರೆ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬಂತು. ಸರ್ವರ್‌ಗೆ ಗುರುತುಚೀಟಿಯಂತಿರುವ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ಇವರು ಹೊಸದು ಮಾಡಿ ಹಾಕಿದರು, ಎಚ್ಚರಿಕೆ ಹೋಯಿತು. ಆದರೆ ಸೈಟ್ ಸುರಕ್ಷಿತ ಎಂದು ತೋರಿಸುವ ಬೀಗದ ಗುರುತನ್ನು ಒತ್ತಿ ನೋಡಿದರೆ, ಸರ್ಟಿಫಿಕೇಟಿನಲ್ಲಿ ವ್ಯಾಪಾರಿಯ ಹೆಸರಿರಬೇಕಾದ ಕಡೆ ಶಿವಲೀಲ ಎಂದಿತ್ತು.

ಶಿವಲೀಲ ನನಗಿಂತ ಮೊದಲು ಇವರಿಗೆ ನಿಶ್ಚಯವಾಗಿದ್ದ ಸೋಸಲೆಯ ಹುಡುಗಿ. ಮದುವೆಗೆ ತಿಂಗಳಿರುವಾಗ ಕಾಮಾಲೆಯಾಗಿ ತೀರಿಕೊಂಡಿದ್ದಳು.

"ಕೈಗೆ ಇನ್ನೂ ಅವಳ ಹೆಸರೇ ಬರುತ್ತೇನ್ರೀ?" ಎಂದೆ.

"ನಾನು ಹಾಕಿಲ್ಲ ಕಣೇ. ಅವ್ಳು ಹೋಗಿ ಏಳು ವರ್ಷ, ಮೂರು ತಿಂಗ್ಳಾಯ್ತು."

ಆ ಮೂರು ತಿಂಗಳೂ ಇವರ ನಾಲಿಗೆಯ ಮೇಲಿದ್ದದ್ದು ನನ್ನ ಹೊಟ್ಟೆ ಉರಿಸಿತು.

ಇವರನ್ನು ಎಬ್ಬಿಸಿ ನಾನೇ ಕೂತೆ. ಅದನ್ನು ಅಳಿಸಿ, ದಾಕ್ಷಾಯಿಣಿ ಎಂದು ಹಟಕ್ಕೆ ನನ್ನ ಹೆಸರಲ್ಲೇ ಇನ್ನೊಂದು ಮಾಡಿದೆ. ಫ್ಯಾನಿನ ಗಾಳಿಯೂ ಬಿಸಿಯಾಗಿದ್ದ ಹೊತ್ತಿನಲ್ಲಿ ಕೀಬೋರ್ಡ್ ಮಾತ್ರ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಸೈಟ್ ತೆರೆದೆ. ನನ್ನ ಹೆಸರನ್ನು ನಂಬಬೇಡಿ ಎನ್ನುವಂತೆ ಮತ್ತೆ ಎಚ್ಚರಿಕೆ ಬಂತು. ಇನ್ನೊಮ್ಮೆ ತೆರೆದಾಗ ಎಚ್ಚರಿಕೆ ಇರಲಿಲ್ಲ. ಬೀಗದ ಗುರುತು ಮೂಡಿತ್ತು. ಒತ್ತಿ ನೋಡಿದರೆ ಶಿವಲೀಲ.

"ಸರಿಹೋಯ್ತಾ?" ಎಂದು ಹಿಂದಿನಿಂದ ಕೇಳಿದರು.

"ಹೋಯ್ತು" ಎಂದು ಪರದೆ ಆರಿಸಿದೆ.

ಆ ಸರ್ಟಿಫಿಕೇಟಿನ ಅವಧಿ ಒಂದೇ ವರ್ಷ. ನಾವಿಬ್ಬರೂ ಅದನ್ನು ಮತ್ತೆ ಮುಟ್ಟಲಿಲ್ಲ. ನಾಲ್ಕು ವರ್ಷದ ಮೇಲೆ ಅಂಗಡಿ ಮುಚ್ಚುವ ದಿನದವರೆಗೂ ಒಂದೇ ಒಂದು ಎಚ್ಚರಿಕೆ ಬರಲಿಲ್ಲ.