ರೋಸಲಿನ್ ತರುತ್ತಿದ್ದ ಅರ್ಧ

ಟೊಲೀಡೊ ಪೇಟೆಯ ನಡುವೆ, ಬಾಗಿಲು ಹಾಕಿದ ಬ್ಯಾಂಕಿಗೂ ಕಾರು ನಿಲ್ಲಿಸುವ ಕಟ್ಟಡಕ್ಕೂ ಮಧ್ಯೆ ಸಿಕ್ಕಿಕೊಂಡಿದ್ದ ಆ ಡೈನರ್ ಎಂಬ ಸಣ್ಣ ಹೋಟೆಲು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ನಾಲ್ಕು ಬೀದಿ ಆಚೆಯ ಲೈಬ್ರರಿಯಲ್ಲಿ ಕೆಲಸ ಮಾಡುತ್ತ ಅರ್ಧ ಆಯುಷ್ಯ ಕಳೆದ ವರ್ನಾ ಕೂಡ ಒಳಗೆ ಕಾಲಿಟ್ಟದ್ದಿಲ್ಲ. ಇವತ್ತು ಬಂದದ್ದೂ ಅದಕ್ಕೇ, ಯಾರೂ ನೋಡುವುದಿಲ್ಲ ಅಂತ.

ಎಮೆಟ್ ಕಿಟಕಿಯಿಂದ ದೂರ, ಕೊನೆಯ ಮೇಜಿನಲ್ಲಿ ಕಾದಿದ್ದ. ಹೊಸ ಶರ್ಟು, ಕಾಲರಿನಲ್ಲಿ ಅಂಗಡಿಯ ಗುಂಡುಪಿನ್ನು ಹಾಗೇ ಇತ್ತು. ತೆಗೆಯಲು ಹೋದ ಕೈಯನ್ನು ವರ್ನಾ ಹಿಂದಕ್ಕೆಳೆದುಕೊಂಡಳು. ರೋಸಲಿನ್ ಇದ್ದಿದ್ದರೆ ತೆಗೆದೇ ಕಳಿಸುತ್ತಿದ್ದಳು. ಅವಳು ತೀರಿಹೋಗಿ ಎರಡು ವರ್ಷ ತುಂಬಿಲ್ಲ, ಪ್ರಾಣದ ಗೆಳತಿಯ ಗಂಡನ ಜೊತೆ ಕದ್ದು ಊಟ! ಇನ್ನು ಸಾಕು ಅಂತ ಹೇಳಿಬಿಡಲೆಂದೇ ವರ್ನಾ ಬಂದಿದ್ದಳು.

“ಯಾಕೆ ಮುಖ ಸಪ್ಪಗಿದೆ?” ಎಮೆಟ್ ಕೇಳಿದ.

“ದಾರೀಲಿ ಚರ್ಚಿನ ಹೆಲ್ಗಾ ಸಿಕ್ಕಿದ್ಲು. ಹಲ್ಲು ಡಾಕ್ಟರ ಹತ್ರ ಹೊರಟಿದೀನಿ ಅಂತ ಸುಳ್ಳು ಹೇಳ್ದೆ.”

“ಸರಿ, ನಾನೇ ಡಾಕ್ಟರು. ಎಲ್ಲಿ, ಬಾಯಿ ತೆಗಿ.”

ನಗು ತಡೆಯಲಾಗಲಿಲ್ಲ. ನಕ್ಕಮೇಲೆ ವರ್ನಾ ಬಾಗಿಲ ಕಡೆ ಒಮ್ಮೆ ನೋಡಿದಳು.

ಬಡಿಸುವ ಗ್ಲೆಂಡಾ ಹ್ಯಾಮ್ ಸ್ಯಾಂಡ್‌ವಿಚ್ ತಂದಿಟ್ಟಳು. ಮೊದಲ ತುತ್ತಿಗೇ ಕರುಮ್ ಎಂದಿತು. ಬ್ರೆಡ್ಡಿನೊಳಗೆ ಆಲೂಗಡ್ಡೆ ಚಿಪ್ಸ್ ಒತ್ತಿಟ್ಟಿದ್ದರು. ವರ್ನಾಳ ದವಡೆ ನಿಂತೇ ಹೋಯಿತು. ಪ್ರತಿ ಗುರುವಾರ ರೋಸಲಿನ್ ಲೈಬ್ರರಿಗೆ ತಂದುಕೊಡುತ್ತಿದ್ದ ಅರ್ಧ ಸ್ಯಾಂಡ್‌ವಿಚ್ಚಿನ ರುಚಿ ಅದು. ಮನೇಲಿ ಮಾಡಿದ್ದು ಕಣೇ ಅನ್ನುತ್ತಿದ್ದಳು.

ಚಿಪ್ಸ್ ಒಳಗಿಡೋದು ಯಾರು ಕಲಿಸಿದ್ದು ಅಂತ ಗ್ಲೆಂಡಾಳನ್ನು ಕೇಳಿದಳು.

“ಒಬ್ಳು ಕೆಂಪು ಹ್ಯಾಟಿನೋಳು, ಚಿನ್ನ,” ಎಂದಳು ಗ್ಲೆಂಡಾ. “ಅರ್ಧ ಇಲ್ಲಿ ತಿನ್ನೋಳು, ಅರ್ಧ ಸುತ್ತಿಸ್ಕೊಂಡು ಹೋಗೋಳು. ಲೈಬ್ರರೀಲಿ ಗೆಳತಿ ಇದಾಳೆ, ಊಟಾನೇ ಮರೀತಾಳೆ ಅಂತ. ಉಪ್ಪು ಮುಟ್ಟಕೂಡ್ದು ಅಂತ ಡಾಕ್ಟರು ಹೇಳಿದ್ರಂತೆ, ಗಂಡ ಬಲು ಕಟ್ಟುನಿಟ್ಟಂತೆ. ಆದ್ರೂ ಕೂರ್ತಿದ್ದಿದ್ದು ಕಿಟಕಿ ಪಕ್ಕಾನೇ.”

ಆ ಕೆಂಪು ಹ್ಯಾಟು ಇಬ್ಬರಿಗೂ ಗೊತ್ತು. ಗ್ಲೆಂಡಾ ಕಾಫಿ ತರಲು ಹೋದಮೇಲೆ ಎಮೆಟ್ ತನ್ನ ಬ್ರೆಡ್ಡನ್ನು ಎತ್ತಿ ಒಳಗಿನ ಚಿಪ್ಸ್ ನೋಡಿದ.

“ಕೊನೇ ದಿನದವರೆಗೂ ಅವಳಿಗೆ ಸಪ್ಪೆ ಸೂಪೇ ಕುಡಿಸ್ದೆ, ವರ್ನಾ. ಬಾಯಿರುಚಿ ಇಲ್ದೆ ಕಳಿಸಿಬಿಟ್ನಲ್ಲ ಅಂತ ಒಂದು ರಾತ್ರಿನೂ ಸರಿಯಾಗಿ ನಿದ್ದೆ ಮಾಡಿಲ್ಲ.” ಅವನ ಕಣ್ಣು ತುಂಬಿತು, ಜೊತೆಗೇ ನಗುವೂ ಬಂತು. “ಕಳ್ಳಿ. ತಿಂದಿದಾಳೆ ನೋಡು.”

ಇನ್ನು ಸಾಕು ಅನ್ನುವ ಮಾತನ್ನು ವರ್ನಾ ಬಿಟ್ಟುಬಿಟ್ಟಳು. ತಪ್ಪು ಮಾಡುತ್ತಿದ್ದೇನೆಂಬ ಅಳುಕು ಪೂರ್ತಿ ಹೋಗಿರಲಿಲ್ಲ, ಹೋಗುವುದೂ ಇಲ್ಲವೇನೋ. ಆದರೆ ಅಷ್ಟು ದಿನ ತನ್ನ ಪಾಲಿನ ಅರ್ಧವನ್ನು ಹೊತ್ತು ತಂದವಳು ತನ್ನನ್ನು ಹೀಗೆ ಮೂಲೆಯಲ್ಲಿ ಅವಿತು ಕೂರಲು ಬಿಡುತ್ತಿದ್ದಳೇ?

ತಟ್ಟೆ ಎತ್ತಿಕೊಂಡು ಎದ್ದಳು. “ಬಾ, ಕಿಟಕಿ ಹತ್ರ ಕೂರೋಣ.”

“ಹೆಲ್ಗಾ ಇದೇ ದಾರೀಲಿ ವಾಪಸ್ ಬಂದ್ರೆ?”

“ಬರ್ಲಿ. ಹಲ್ಲು ಡಾಕ್ಟರು ಇವ್ರೇ ಅಂತೀನಿ.”

ಕಿಟಕಿಯ ಪಕ್ಕ ಕೂತಮೇಲೆ ವರ್ನಾ ಮೇಜಿನಾಚೆಗೆ ಕೈ ಚಾಚಿ, ಅವನ ಕಾಲರಿನ ಪಿನ್ನನ್ನು ನಿಧಾನವಾಗಿ ತೆಗೆದಳು.