ಗೋಡೆಗೆ ಮುಖ ಮಾಡಿದ ತಗಡುಗಳು

“ಬೆಟ್ಟ ಹತ್ತೋದಾದ್ರೆ ಹತ್ತು ಮಗಳೇ. ಗಾಳಿ ಕುಡಿ, ಸಮುದ್ರ ನೋಡು. ಆ ಮಠದ ಗೋಡೆ ಮೇಲಿನ ತಗಡು ಮಾತ್ರ ತಿರುಗಿಸಬೇಡ,” ಎಂದಳು ಎವಾಂಥಿಯಾ.

ಡಾಕ್ಟರ್ ಇಸ್ಮೀನಿ ಅವಳ ತೋಳಿನಿಂದ ಬಿ.ಪಿ. ಪಟ್ಟಿ ಬಿಚ್ಚುತ್ತಾ ನಕ್ಕಳು. ತಿರುಗಿಸಿದರೆ ಏನಾಗುತ್ತದೆ, ನಿಮ್ಮ ಬಿ.ಪಿ. ಇಳಿಯುತ್ತದೆಯೇ ಎಂದು ಕೇಳಿದಳು. ಎವಾಂಥಿಯಾ ನಗಲಿಲ್ಲ. ವಿಧವೆಯ ಕಪ್ಪು ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. ತೂಗುಹಾಕಿದ ಕೈಯೇ ತಗಡನ್ನು ತಿರುಗಿಸಬೇಕು, ಬೇರೆ ಕೈ ತಿರುಗಿಸಿದರೆ ಅದರಲ್ಲಿರುವುದೆಲ್ಲ ಆ ಕೈಗೇ ಹತ್ತಿಕೊಳ್ಳುತ್ತದೆ ಎಂದು ಹೇಳಿ ಎದ್ದು ಹೋದಳು.

ಇಸ್ಮೀನಿ ಆರ್ಮೀರಾ ಎಂಬ ಈ ಕಡಲತಡಿಯ ಹಳ್ಳಿಗೆ ಬಂದು ಐದು ತಿಂಗಳಾಗಿತ್ತು. ಓದು ಮುಗಿಸಿದ ಡಾಕ್ಟರುಗಳು ಒಂದು ವರ್ಷ ಇಂಥ ಊರುಗಳಲ್ಲಿ ಕಳೆಯಲೇಬೇಕು. ಅವಳೂ ಮೂಗು ಮುರಿಯುತ್ತಲೇ ಬಂದಿದ್ದಳು. ವರ್ಷ ಮುಗಿದರೆ ಅಥೆನ್ಸಿನ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿ. ಅವಳು ಹೊಲಿಗೆ ಹಾಕಿದರೆ ಗಾಯ ಎಲ್ಲಿತ್ತೆಂದು ಹುಡುಕಬೇಕು ಎಂದು ಅವಳ ಗುರುಗಳು ಹೇಳುತ್ತಿದ್ದರು. ಅವಳಿಗೆ ತನ್ನ ಬಲಗೈಯ ಮೇಲೆ ಇದ್ದಷ್ಟು ನಂಬಿಕೆ ದೇವರ ಮೇಲೂ ಇರಲಿಲ್ಲ.

ತಗಡಿನ ಹರಕೆ ಗ್ರೀಸಿನ ಯಾವ ಚರ್ಚಿನಲ್ಲಿ ಇಲ್ಲ? ಕಾಲು ನೋವಿಗೆ ಕಾಲಿನ ತಗಡು, ಕಣ್ಣಿನ ಬೇನೆಗೆ ಕಣ್ಣಿನ ತಗಡು, ಸಂತರ ಮುಂದೆ ತೂಗುಬಿಟ್ಟರೆ ಆಯಿತು. ಆದರೆ ಆರ್ಮೀರಾದವರು ಅದಕ್ಕೆ ಇನ್ನೊಂದು ಉಪಯೋಗ ಕಂಡುಕೊಂಡಿದ್ದರು. ನಂಬಿದವನು ಮೋಸ ಮಾಡಿ, ಅದಕ್ಕೆ ಸಾಕ್ಷಿಯೂ ಸಿಗದೆ ಹೋದರೆ, ತಪ್ಪು ಮಾಡಿದ ಅಂಗದ ತಗಡು ತಂದು, ಹಿಂಬದಿಗೆ ಅವನ ಹೆಸರು ಗೀಚಿ, ಬೆಟ್ಟದ ಮೇಲಿನ ಸಂತ ಥೆಕ್ಲಾಳ ಪಾಳು ಮಠದಲ್ಲಿ ಗೋಡೆಗೆ ಮುಖಮಾಡಿ ತೂಗುಹಾಕುತ್ತಿದ್ದರು. ಅಂಗ ಒಣಗತೊಡಗುತ್ತಿತ್ತು. ತಪ್ಪು ಮಾಡಿದವನು ಹತ್ತು ಜನರ ಮುಂದೆ ಬಾಯಿ ಬಿಟ್ಟ ದಿನ, ತೂಗುಹಾಕಿದವರೇ ಹೋಗಿ ತಗಡನ್ನು ತಿರುಗಿಸುತ್ತಿದ್ದರು. ಊರಿನವರು ಇದನ್ನು ಮಾಟ ಎನ್ನುತ್ತಿರಲಿಲ್ಲ, ‘ಹೇಳಿಡುವುದು’ ಎನ್ನುತ್ತಿದ್ದರು.

ಎವಾಂಥಿಯಾ ಹೇಳಿಟ್ಟಿದ್ದು ಅನೆಸ್ತಿಸ್ ಎಂಬ ಮೀನುಗಾರನ ಬಲಗೈಯನ್ನು. ಎರಡು ಚಳಿಗಾಲದ ಹಿಂದೆ ಅವಳ ಗಂಡ ಲಾಂಬ್ರೋಸ್ ಮತ್ತು ಅನೆಸ್ತಿಸ್ ಒಂದೇ ದೋಣಿಯಲ್ಲಿ ಹೋಗಿದ್ದರು. ಅನೆಸ್ತಿಸ್ ಒಬ್ಬನೇ ಮರಳಿದ. ಲಾಂಬ್ರೋಸ್ ನೀರಿಗೆ ಬಿದ್ದ, ಹಗ್ಗ ಎಸೆದೆ, ಹಗ್ಗ ಕಿತ್ತುಹೋಯಿತು ಎಂದ. ಅನೆಸ್ತಿಸನ ಮದುವೆಯಲ್ಲಿ ಆಪ್ತನಾಗಿ ಪಕ್ಕದಲ್ಲಿ ನಿಂತು ಮದುಮಗನ ತಲೆಯ ಮೇಲೆ ಕಿರೀಟ ಹಿಡಿದಿದ್ದವನು ಅದೇ ಲಾಂಬ್ರೋಸ್, ಒಡಹುಟ್ಟಿದವನಿಗಿಂತ ಹೆಚ್ಚು. ಆದರೆ ದೋಣಿಯಲ್ಲಿ ಉಳಿದಿದ್ದ ಹಗ್ಗದ ತುದಿಯನ್ನು ಎವಾಂಥಿಯಾ ನೋಡಿದ್ದಳು. ಕಿತ್ತುಹೋದ ಹಗ್ಗದ ತುದಿ ಎಳೆ ಎಳೆಯಾಗಿ ಬಿಚ್ಚಿಕೊಂಡಿರುತ್ತದೆ. ಇದು ಚಾಕುವಿನಲ್ಲಿ ಕೊಯ್ದಂತೆ ನುಣ್ಣಗಿತ್ತು. ಅವಳ ಮಾತನ್ನು ಯಾರೂ ಒಪ್ಪಲಿಲ್ಲ.

ಈಗ ಅನೆಸ್ತಿಸನ ಬಲಗೈ ಒಣಮೀನಿನಂತಾಗಿತ್ತು. ಇಸ್ಮೀನಿ ಎಲ್ಲ ಪರೀಕ್ಷೆಗಳನ್ನೂ ಮಾಡಿಸಿದ್ದಳು. ನರ ಸರಿಯಿತ್ತು, ರಕ್ತ ಸರಿಯಿತ್ತು. ಇದು ಭಯದ ಕಾಯಿಲೆ ಎಂದು ಅವಳು ತೀರ್ಮಾನಿಸಿದಳು. ತಗಡು ತಿರುಗಿತೆಂದು ಗೊತ್ತಾದರೆ ಸಾಕು, ಕೈ ತಾನಾಗಿ ಸರಿಹೋಗುತ್ತದೆ. ಮುದುಕಿಯ ಹಟಕ್ಕೆ ದುಡಿಯುವ ಮನುಷ್ಯನೊಬ್ಬ ಬಲಿಯಾಗುತ್ತಿದ್ದಾನೆಂದು ಅವಳಿಗೆ ಸಿಟ್ಟೂ ಬಂದಿತ್ತು. ನಾನೇ ಹೋಗಿ ತಿರುಗಿಸಿ ಬರುತ್ತೇನೆ ಎಂದು ಅನೆಸ್ತಿಸನಿಗೆ ಹೇಳಿದಳು. ಅವನು ನೆಲ ನೋಡಿದ. ಬೇಡ ಎನ್ನಲಿಲ್ಲ.

ಶನಿವಾರ ಮಟಮಟ ಮಧ್ಯಾಹ್ನ ಅವಳು ಬೆಟ್ಟ ಹತ್ತಿದಳು. ಆರ್ಮೀರಾದವರು ನಡುರಾತ್ರಿಗಿಂತ ನಡುಹಗಲಿಗೆ ಹೆದರುವ ಜನ. ಆ ಹೊತ್ತಿಗೆ ಕಿಟಕಿ ಮುಚ್ಚಿ ಮಲಗಿಬಿಡುತ್ತಾರೆ. ಕೆಳಗೆ ಕೆಂಪು ಹೆಂಚಿನ ಮನೆಗಳು, ಬಂದರಿನ ಗೋಡೆ, ಒಂದೂ ಅಲುಗದ ದೋಣಿಗಳು. ಬಿಸಿಲಿಗೆ ಬಾಡಿದ ಒರೆಗಾನೊ ಗಿಡದ ಘಾಟು ಮೂಗಿಗೆ ಹೊಡೆಯುತ್ತಿತ್ತು. ಜೀರುಂಡೆಗಳ ಸದ್ದು ಕಿವಿ ಕೊರೆಯುತ್ತಿತ್ತು. ಮಠದ ಬಾಗಿಲ ಕಮಾನು ದಾಟಿದ ಕೂಡಲೇ ಆ ಸದ್ದು ನಿಂತುಹೋಯಿತು. ತಂಪಾಯಿತಲ್ಲ ಎಂದು ಅವಳಿಗೆ ಸಮಾಧಾನವೇ ಆಯಿತು.

ಚಾವಣಿ ಬಿದ್ದ ಚರ್ಚಿನ ಮೂಲೆಯಲ್ಲಿ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲುಗಳಿದ್ದವು. ಹಿಂದೆ ಸನ್ಯಾಸಿಗಳು ಎಣ್ಣೆ, ದ್ರಾಕ್ಷಾರಸ ಇಡುತ್ತಿದ್ದ ಜಾಗ. ಅವಳು ಮೊಬೈಲಿನ ದೀಪ ಹಚ್ಚಿ ಇಳಿದಳು. ಬಾವಲಿಗಳ ಹಿಕ್ಕೆ, ಮುಗ್ಗಿದ ಮೇಣ, ಆಡಿನ ಮೂತ್ರ. ಆ ನಾತದ ಅಡಿಯಲ್ಲಿ ಇನ್ನೊಂದು ವಾಸನೆಯೂ ಇತ್ತು. ಬೆಟ್ಟದ ತುದಿಯಲ್ಲಿ, ನೀರಿಲ್ಲದ ನೆಲಮಾಳಿಗೆಯಲ್ಲಿ, ಸಮುದ್ರದ ವಾಸನೆ.

ಗೋಡೆಯ ತುಂಬ ತಗಡುಗಳಿದ್ದವು. ನೂರು, ಇನ್ನೂರು, ಎಲ್ಲವೂ ಬೆನ್ನು ತೋರಿಸಿಕೊಂಡು. ಕೆಲವು ತುಕ್ಕು ಹಿಡಿದು ಕಲ್ಲಿಗೇ ಅಂಟಿಹೋಗಿದ್ದವು. ಅವಳು ಹೆಸರುಗಳನ್ನು ಓದುತ್ತಾ ಹೋದಳು. ಅನೆಸ್ತಿಸನದು ಹೊಸದು, ಇನ್ನೂ ಹೊಳೆಯುತ್ತಿತ್ತು.

“ಬಾ ಕಂದ,” ಎಂದು ತಮಾಷೆಗೆ ಜೋರಾಗಿಯೇ ಹೇಳಿ, ಬಲಗೈಯಿಂದ ಅದನ್ನು ಹಿಡಿದು ತಿರುಗಿಸಿದಳು.

ತಗಡಿನ ಮೇಲೆ ಉಬ್ಬಿದ ಅಂಗೈ. ಅಷ್ಟೇ. ಅವಳು ಕೈ ಹಿಂತೆಗೆದುಕೊಳ್ಳಲು ಹೋದಳು.

ಕೈ ಬರಲಿಲ್ಲ.

ಇನ್ನೊಮ್ಮೆ ಎಳೆದಳು. ಬೆರಳುಗಳು ಮಡಚಿಕೊಂಡಿದ್ದವು. ಅವುಗಳ ನಡುವೆ ಏನೋ ಒದ್ದೆಯಾದದ್ದು ಇತ್ತು. ಒರಟಾದದ್ದು. ಹಗ್ಗ. ಗಾಬರಿಗೆ ಮೊಬೈಲ್ ಬಿತ್ತು, ದೀಪ ನೆಲಕ್ಕೆ ಮುಖಮಾಡಿತು. ಕತ್ತಲು. ಗೋಡೆಯ ಮೇಲೆ ಒಂದು ತಗಡು ಕಿಣಿ ಎಂದಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲವೂ. ಗಾಳಿ ಇರಲಿಲ್ಲ.

ಹಗ್ಗ ಜಗ್ಗಿತು. ತುದಿಯಲ್ಲಿ ಭಾರವಿತ್ತು. ಮನುಷ್ಯನ ಭಾರ. ಕಾಲ ಕೆಳಗಿನ ನೆಲ ಓಲಾಡಿತು. ಮುಖಕ್ಕೆ ಉಪ್ಪುನೀರು ಹೊಡೆಯಿತು. ಬಾಯಿಗೆ, ಮೂಗಿಗೆ. ಅವಳು ಕೆಮ್ಮಿದಳು. ಕೆಳಗಿನಿಂದ, ಕಲ್ಲು ನೆಲದ ಒಳಗಿನಿಂದ ಒಂದು ಗಂಟಲು ಕೂಗುತ್ತಿತ್ತು.

“ಎಳಿ ಅನೆಸ್ತಿ. ಎಳಿ. ನಿನ್ನ ಕೈ ಬಿಟ್ರೆ ನನಗ್ಯಾರೂ ಇಲ್ಲ.”

ಎಳೆಯಬೇಕೆಂದುಕೊಂಡಳು. ದೇವರಾಣೆಗೂ ಎಳೆಯಬೇಕೆಂದುಕೊಂಡಳು. ಆದರೆ ಹಗ್ಗ ಎಡಗೈಗೆ ದಾಟಿತ್ತು. ಬಲಗೈಯಲ್ಲಿ ಚಾಕು ಬಂದಿತ್ತು. ಬೇಡ ಎಂದಳು. ಕೈ ಕೇಳಲಿಲ್ಲ. ಒಂದು ಸಲ ಕೊಯ್ದಿತು. ಎಳೆಗಳು ಪಟಪಟ ಬಿಟ್ಟವು. ಕೆಳಗಿನವನಿಗೆ ಅರ್ಥವಾಯಿತು. ಅವನು ಕೂಗುವುದನ್ನು ನಿಲ್ಲಿಸಿದ. ಸುಮ್ಮನೆ ಅವಳನ್ನೇ ನೋಡಿದ. ಇನ್ನೊಂದು ಸಲ ಕೊಯ್ದಿತು. ಭಾರ ಹೋಯಿತು.

ಕೈ ತಗಡಿನಿಂದ ಬಿಟ್ಟುಕೊಂಡಿತು. ಅವಳು ಮೆಟ್ಟಿಲುಗಳನ್ನು ಕೈಕಾಲೂರಿ ಹತ್ತಿ ಬಿಸಿಲಿಗೆ ಬಂದು ಬಿದ್ದಳು. ಬಟ್ಟೆ ಒಣಗಿಯೇ ಇತ್ತು. ಬಲಗೈ ಮಾತ್ರ ದಿನಗಟ್ಟಲೆ ನೀರಲ್ಲಿ ನೆನೆದಂತೆ ಬಿಳುಚಿ ಸುಕ್ಕುಗಟ್ಟಿತ್ತು.

ಸೋಮವಾರ ಅನೆಸ್ತಿಸ್ ದವಾಖಾನೆಗೆ ಬುಟ್ಟಿ ತುಂಬ ಮೀನು ತಂದ. ಬುಟ್ಟಿಯನ್ನು ಬಲಗೈಯಲ್ಲೇ ಹಿಡಿದಿದ್ದ. ಅದೇ ಹೊತ್ತಿಗೆ ಇಸ್ಮೀನಿ ಒಬ್ಬ ಹೆಂಗಸಿನ ಮೊಣಕಾಲಿಗೆ ಹೊಲಿಗೆ ಹಾಕಲು ಹೆಣಗುತ್ತಿದ್ದಳು. ಸೂಜಿ ಮೂರನೆಯ ಸಲ ಕೆಳಗೆ ಬಿದ್ದಿತ್ತು. ಕೊನೆಗೆ ನರ್ಸ್ ಹೊಲಿಗೆ ಮುಗಿಸಿದಳು.

ತಿಂಗಳಾಗುವಷ್ಟರಲ್ಲಿ ಅವಳ ಹೆಬ್ಬೆರಳಿಗೆ ಪೆನ್ನು ಹಿಡಿಯುವ ಶಕ್ತಿಯೂ ಉಳಿಯಲಿಲ್ಲ. ಪರೀಕ್ಷೆಯಲ್ಲಿ ನರ ಸರಿಯಿತ್ತು, ರಕ್ತ ಸರಿಯಿತ್ತು. ಅವಳು ಎವಾಂಥಿಯಾಳ ಮನೆಗೆ ಹೋಗಿ ಅತ್ತಳು. ಮುದುಕಿ ಬೈಯಲಿಲ್ಲ. ತಗಡು ತನ್ನ ಕೈತಪ್ಪಿ ಹೋಗಿದೆ, ಇನ್ನು ಅನೆಸ್ತಿಸ್ ತಾನಾಗಿ ಬಾಯಿ ಬಿಟ್ಟರೆ ಮಾತ್ರ ನಿನ್ನ ಕೈ ಉಳಿಯುತ್ತದೆ ಎಂದಳು.

ಅವನು ಬಂದರಿನಲ್ಲಿ ಬಲೆ ಹೆಣೆಯುತ್ತಾ ಕೂತಿದ್ದ. ಇಸ್ಮೀನಿ ಕಂಡದ್ದನ್ನೆಲ್ಲ ಹೇಳಿದಳು. ಎರಡು ಸಲ ಕೊಯ್ದದ್ದನ್ನು, ಲಾಂಬ್ರೋಸ್ ಕೂಗು ನಿಲ್ಲಿಸಿ ನೋಡಿದ್ದನ್ನು. ಅನೆಸ್ತಿಸನ ಮುಖ ಬೂದಿಬಣ್ಣಕ್ಕೆ ತಿರುಗಿತು.

“ದೋಣಿ ಮಗುಚುತ್ತಿತ್ತು ಡಾಕ್ಟ್ರಮ್ಮ. ಅವನ ಭಾರಕ್ಕೆ ನಾನೂ ಹೋಗ್ತಿದ್ದೆ.”

“ಅದನ್ನೇ ಹತ್ತು ಜನರ ಮುಂದೆ ಹೇಳು. ನನ್ನ ಕೈ ಹೋಗ್ತಿದೆ, ಅನೆಸ್ತಿಸ್.”

ಅವನು ತನ್ನ ಬಲಗೈಯನ್ನು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ ನೋಡಿಕೊಂಡ. “ನನಗೆ ಇಬ್ಬರು ಹೆಣ್ಮಕ್ಕಳು. ಈ ಊರಲ್ಲೇ ಬಾಳಬೇಕು. ನಿಮ್ಮನ್ನ ನಾನು ಕಳಿಸಿದ್ನಾ?”

“ನನ್ನ ಕೈಗೆ ಹತ್ತುತ್ತೆ ಅಂತ ನಿನಗೆ ಗೊತ್ತಿತ್ತಾ?”

ಅವನು ಬಲೆಗೆ ಇನ್ನೆರಡು ಗಂಟು ಹಾಕಿದ. “ಗೊತ್ತಿತ್ತು,” ಎಂದ.

ಅವಳು ಅಲ್ಲಿಂದ ನೇರ ಚರ್ಚಿನ ಬೀದಿಯ ಅಂಗಡಿಗೆ ಹೋದಳು. ಅಂಗಡಿಯವನು ಕಣ್ಣು, ಕಿವಿ, ಕೈ, ಹೃದಯಗಳನ್ನು ಮೇಜಿನ ಮೇಲೆ ಹರಡಿದ. ಅವಳು ಅವನ್ನೆಲ್ಲ ಬದಿಗೆ ಸರಿಸಿ ಇನ್ನೊಂದನ್ನು ಆರಿಸಿಕೊಂಡಳು.

ಬೆಟ್ಟದ ಬುಡದಲ್ಲಿ ಎವಾಂಥಿಯಾ ಅಡ್ಡಗಟ್ಟಿದಳು. ಡಾಕ್ಟರು ತಗಡು ಕೊಂಡ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಇಸ್ಮೀನಿಯ ಎಡಗೈಯಲ್ಲಿದ್ದ ತಗಡನ್ನು ಬಗ್ಗಿ ನೋಡಿದಳು. ಅದರಲ್ಲಿದ್ದದ್ದು ಕೈಯಲ್ಲ, ತಲೆಯಿಂದ ಕಾಲಿನವರೆಗೆ ಇಡೀ ಮನುಷ್ಯ.

“ನಾನು ಬರೀ ಕೈ ಕೇಳಿದ್ದೆ ಮಗಳೇ. ಅವನು ಬದುಕಿದ್ದು ಬಾಯಿ ಬಿಡಲಿ ಅಂತ. ಅವನೇ ಹೋದ್ರೆ ಬಾಯಿ ಬಿಡೋರು ಯಾರು? ನಿನ್ನ ಕೈ ಹೀಗೇ ಉಳಿದುಬಿಡುತ್ತೆ.”

“ಗೊತ್ತು,” ಎಂದಳು ಇಸ್ಮೀನಿ.

ನಿಜಕ್ಕೂ ಗೊತ್ತಿತ್ತು. ಅಥೆನ್ಸ್, ಶಸ್ತ್ರಚಿಕಿತ್ಸೆ, ಅವಳು ಹುಟ್ಟಿದಾಗಿನಿಂದ ಆಸೆಪಟ್ಟದ್ದೆಲ್ಲ ಆ ಕೈ ವಾಪಸ್ ಬರುವುದರ ಮೇಲೆ ನಿಂತಿತ್ತು. ಆದರೆ ಆ ‘ಗೊತ್ತಿತ್ತು’ ಎಂಬ ಮಾತು ಎದೆಯಲ್ಲಿ ಉರಿಯುತ್ತಿತ್ತು. ಕೈಗಾಗಿ ಕಾಯುವ ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ. ಮುದುಕಿಯನ್ನು ಬದಿಗೆ ಸರಿಸಿ ಅವಳು ಬೆಟ್ಟ ಹತ್ತಿದಳು.

ಮೂರನೆಯ ದಿನ ಬಂದರಿನಿಂದ ಇಬ್ಬರು ಮೀನುಗಾರರು ದವಾಖಾನೆಗೆ ಓಡಿಬಂದರು. ಅನೆಸ್ತಿಸ್ ದೋಣಿಯಿಂದ ಇಳಿಯುತ್ತಲೇ ಕುಸಿದುಬಿದ್ದಿದ್ದಾನೆ, ಬೇಗ ಬನ್ನಿ ಎಂದು ಏದುಸಿರಿನಲ್ಲಿ ಕರೆದರು. ಇಸ್ಮೀನಿ ಎಡಗೈಯಲ್ಲಿ ಬ್ಯಾಗು ಎತ್ತಿಕೊಂಡಳು. ಅವರು ಮುಂದೆ ಓಡಿದರು. ಅವಳು ನಡೆದುಕೊಂಡೇ ಹೋದಳು.