ನಂದಿಯಿಂದ ಕಡಲಿಗೆ, ಒಂದೇ ಗೇರಿನಲ್ಲಿ

ನಂದಿ ಬೆಟ್ಟದ ನೆತ್ತಿಯ ಮೇಲೆ ಆ ಬೆಳಿಗ್ಗೆ ಎಂಥ ಮಂಜು ಅಂದರೆ, ಬಯ್ಯಪ್ಪನವರು ತಮ್ಮದೇ ಸೈಕಲ್ಲು ಅಂದುಕೊಂಡು ಪಕ್ಕದವರ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಹೊಡೆದು ಮುಗಿಸಿದ ಮೇಲೆ ಗೊತ್ತಾಯಿತು. ಆದರೂ ಅವರು ಒಪ್ಪಿಕೊಳ್ಳಲಿಲ್ಲ. "ಬೇಕೂಂತಲೇ ಹೊಡ್ದೆ, ನಿಮ್ದರಲ್ಲಿ ಗಾಳಿ ಕಮ್ಮಿ ಇತ್ತು ವರಲಕ್ಷ್ಮಕ್ಕ," ಅಂದರು.

ರುಬೀನಾ ಸೀಟಿ ಊದಿದಳು.

"ಎಲ್ರೂ ಇಲ್ಲಿ ಬನ್ನಿ. ಒಂದೇ ಸಲ ಹೇಳೋದು. ಇಲ್ಲಿಂದ ಇಳಿದ್ರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ. ಆಮೇಲೆ ಗಡಿ ದಾಟಿ ಮದನಪಲ್ಲಿ, ತಿರುಪತಿ, ಅಲ್ಲಿಂದ ಸಮುದ್ರ. ಇಳಿಜಾರಲ್ಲಿ ರೇಸ್ ಬೇಡ. ರಸ್ತೆ ಮೇಲೆ ರಾಗಿ, ಹುರುಳಿ ಒಕ್ಕಕ್ಕೆ ಹರಡಿರ್ತಾರೆ, ಅದರ ಮೇಲೆ ಹತ್ತಿಸ್ಬೇಡಿ, ಬಳ್ಳಿ ಚೈನಿಗೆ ಸುತ್ಕೊಳ್ಳುತ್ತೆ. ಆಗಲ್ಲ ಅನ್ನಿಸ್ದೋರು ವ್ಯಾನ್ ಹತ್ತಿ. ಅದ್ರಲ್ಲಿ ನಾಚಿಕೆ ಏನೂ ಇಲ್ಲ."

ರುಬೀನಾ ಶಿಡ್ಲಘಟ್ಟದ ಹುಡುಗಿ, ರೇಷ್ಮೆ ನೂಲು ತೆಗೆಯುವ ಮನೆಯವಳು. ಊರೂರು ಸುತ್ತಿಸುವ ಸೈಕಲ್ ಪ್ರವಾಸ ಅವಳ ಕಸುಬು. ಇಷ್ಟು ದಿನ ಬೆಳಿಗ್ಗೆ ಹೊರಟು ಸಂಜೆ ಮನೆ ಸೇರುವ ಪ್ರವಾಸಗಳೇ ಆಗಿದ್ದವು. ಸಮುದ್ರದವರೆಗೆ ಜನರನ್ನು ಕರೆದೊಯ್ಯುವುದು ಇದೇ ಮೊದಲು. ಹಿಂದೆ ಬರುವ ವ್ಯಾನು ಅವಳ ಚಾಚಾ ಮೆಹಬೂಬ್ ಪಾಷಾರದು. ಅದರಲ್ಲಿ ಟ್ಯೂಬು, ಪಂಚರ್ ಸಾಮಾನು, ಬಾಳೆಹಣ್ಣು, ದೊಡ್ಡ ಫ್ಲಾಸ್ಕಿನ ತುಂಬ ಚಹಾ. ವಾರವೆಲ್ಲ ರೇಷ್ಮೆಗೂಡು ಹೊರುವ ವ್ಯಾನು, ಎಷ್ಟು ತೊಳೆದರೂ ಗೂಡಿನ ವಾಸನೆ ಬಿಟ್ಟಿರಲಿಲ್ಲ.

ಬಯ್ಯಪ್ಪನವರು ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಲೋಕದ ಯಾವ ವಿಷಯಕ್ಕೂ ಅವರ ಹತ್ತಿರ ಸಲಹೆ ಇತ್ತು, ಕೇಳುವವರು ಸಿಕ್ಕಿರಲಿಲ್ಲ ಅಷ್ಟೆ.

ಇನ್ನು ವರಲಕ್ಷ್ಮಮ್ಮ. ನಗರಗೆರೆಯ ಬೇಸಾಯದ ಮನೆಯ ಸೊಸೆ, ವಯಸ್ಸು ಐವತ್ತು ದಾಟಿದೆ. ಮಗಳಿಗೆ ಶಾಲೆಯಲ್ಲಿ ಕೊಟ್ಟ ಸೈಕಲ್ಲು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದ್ದಾಗ ಅದನ್ನು ಹೊರಗೆಳೆದು, ಕೆರೆ ಏರಿಯ ಮೇಲೆ ಬಿದ್ದೆದ್ದು ಕಲಿತವರು. ಈಗ ಮಗಳೇ ಒಳ್ಳೆಯ ಗೇರಿನ ಸೈಕಲ್ಲು ಕೊಡಿಸಿದ್ದಳು. ಹೊರಡುವಾಗ ಗಂಡ ಮೋಹನ್‌ಬಾಬು ಪ್ರೀತಿಯಿಂದಲೇ ಹೇಳಿದ್ದರು: "ಕಾಲು ನೋವು ಬಂದ್ರೆ ಫೋನ್ ಮಾಡು, ಬಂದು ಕರ್ಕೊಂಡು ಬರ್ತೀನಿ."

ಆ ಮಾತು ವರಲಕ್ಷ್ಮಮ್ಮನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಬೆಟ್ಟ ಇಳಿಯುವ ಮುಂಚೆ ಅವರು ರುಬೀನಾಳನ್ನು ಪಕ್ಕಕ್ಕೆ ಕರೆದರು.

"ನೋಡಮ್ಮ ರುಬೀನಾ, ಹುಟ್ಟಿದಾಗ್ಲಿಂದ ನನ್ನನ್ನ ಯಾರೋ ಒಬ್ರು ಕರ್ಕೊಂಡು ಹೋಗೋರೇ. ಗಾಡೀಲಿ ಅಪ್ಪ, ಮೊಪೆಡ್ಡಲ್ಲಿ ಇವ್ರು, ಕಾರಲ್ಲಿ ಅಳಿಯ. ನಾನೇ ಒಂದು ಕಡೆಗೆ ಹೋಗಿ ಮುಟ್ಟಿದ್ದು ಅಂತ ಇಲ್ಲ. ಸಮುದ್ರಕ್ಕೆ ನಾನೇ ತುಳ್ಕೊಂಡು ಹೋಗ್ಬೇಕು. ತಳ್ಕೊಂಡು ನಡೆದ್ರೂ ಸರಿ. ನಾನು ಸತ್ತೋಗ್ತೀನಿ ಅಂದ್ರೂ ವ್ಯಾನ್ ಹತ್ತಿಸ್ಬೇಡ."

"ಸಾಯೋ ಹಂಗಿದ್ರೆ ಹತ್ತಿಸ್ತೀನಮ್ಮ," ಅಂದಳು ರುಬೀನಾ. "ಮಿಕ್ಕಿದ್ದು ನಿಮ್ಮಿಷ್ಟ."

ಮಂಜು ಕರಗುತ್ತಿದ್ದಂತೆ ಹೊರಟರು. ತಿರುವು ತಿರುವಿಗೂ ಬೆಟ್ಟದ ಒಂದೊಂದು ಮಗ್ಗುಲು ಬಿಚ್ಚಿಕೊಂಡಿತು. ಕೆಳಗೆ ದ್ರಾಕ್ಷಿ ಚಪ್ಪರಗಳು, ಅದರಾಚೆ ಸೇವಂತಿಗೆ ಹೊಲಗಳ ಹಳದಿ, ಇನ್ನೂ ಆಚೆ ಒಂದರ ಹಿಂದೆ ಒಂದು ಬೋಳು ಬಂಡೆಗುಡ್ಡ. ಚಿಕ್ಕಬಳ್ಳಾಪುರದಲ್ಲಿ ಇಡ್ಲಿ, ಶಿಡ್ಲಘಟ್ಟದಲ್ಲಿ ರುಬೀನಾಳ ಮನೆಯವರು ದಾರಿಗೆ ಅಡ್ಡ ನಿಂತು ತಿನ್ನಿಸಿದ ಖೀರು, ಮತ್ತೆ ಹಿಪ್ಪುನೇರಳೆ ತೋಟಗಳ ನಡುವಿನ ತಂಪು ರಸ್ತೆ. ಬಯ್ಯಪ್ಪನವರು ಚಿಂತಾಮಣಿಯವರೆಗೂ ಹಾಡು ಹೇಳಿಕೊಂಡೇ ತುಳಿದರು. ರಾಗ ಮಾತ್ರ ಶಿಡ್ಲಘಟ್ಟದಲ್ಲೇ ಕೈಕೊಟ್ಟಿತ್ತು.

ರಾತ್ರಿ ಬಿಡಾರ ಕೆಂಚಾರ್ಲಹಳ್ಳಿಯಲ್ಲಿ, ವರಲಕ್ಷ್ಮಮ್ಮನ ಚಿಕ್ಕಮ್ಮನ ಮಗಳು ಶ್ಯಾಮಲಮ್ಮನ ಮನೆಯಲ್ಲಿ. ಮುದ್ದೆ, ಅವರೆಕಾಳು ಸಾರು, ನಿದ್ದೆ.

ಮಾರನೆಯ ದಿನ ಶುಕ್ರವಾರ. ಶುಕ್ರವಾರ ಪೂಜೆಯಿಲ್ಲದೆ ಮನೆ ಬಿಟ್ಟು ದೂರ ಹೊರಡುವುದುಂಟೆ? ಅಕ್ಕತಂಗಿಯರಿಬ್ಬರೂ ಸೇರಿ ಅಂಗಳದಲ್ಲಿ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದರು. ಗಾಳಿಗೆ ಹಾರದಿರಲಿ ಎಂದು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿದ್ದರು. ಬೇರೆಯವರ ಸೈಕಲ್ಲಿಗೆ ಹ್ಯಾಂಡಲ್ಲಿನ ಮೇಲೆ ಒಂದೊಂದು ಬೊಟ್ಟು. ವರಲಕ್ಷ್ಮಮ್ಮನ ಸೈಕಲ್ಲಿಗೆ ಮಾತ್ರ ಪೂರ್ತಿ ಅಲಂಕಾರ: ಹ್ಯಾಂಡಲ್ಲು, ಸೀಟು, ಗಂಟೆ, ಹೂವಿನ ಹಾರ. ಎರಡೂ ಚಕ್ರಗಳ ನಟ್ಟನಡುವೆ ತಟ್ಟೆಯ ಹಾಗೆ ಹೊಳೆಯುವ ಉಕ್ಕಿನ ಬಿಲ್ಲೆ ಇತ್ತು, ಅದು ಬೊಟ್ಟಿಗೆಂದೇ ಮಾಡಿಸಿದಂತೆ ಕಂಡಿತು. ಒಂದೊಂದಕ್ಕೂ ಸುತ್ತ ದಪ್ಪವಾಗಿ ಹಚ್ಚಿದರು.

ರುಬೀನಾ ಒಳಗೆ ನಕ್ಷೆ ನೋಡುತ್ತಿದ್ದಳು. ಬಯ್ಯಪ್ಪನವರು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುತ್ತಿದ್ದರು. ಹೀಗಾಗಿ ಆ ಬಿಲ್ಲೆಗಳನ್ನು ಕಚ್ಚಿ ಹಿಡಿದೇ ಬ್ರೇಕು ಸೈಕಲ್ಲನ್ನು ನಿಲ್ಲಿಸುವುದೆಂದು ಹೇಳುವವರು ಅಂಗಳದಲ್ಲಿ ಯಾರೂ ಇರಲಿಲ್ಲ.

ಊರು ಬಿಟ್ಟ ಕೂಡಲೇ ಏರು. ಏರಿನಲ್ಲಿ ಬ್ರೇಕಿನ ಗೊಡವೆ ಯಾರಿಗೆ? ಬಂಡೆಗುಡ್ಡಗಳ ನಡುವಿನ ಕಣಿವೆಯ ನೆತ್ತಿ ಮುಟ್ಟುವಷ್ಟರಲ್ಲಿ ಎಲ್ಲರ ಬೆನ್ನೂ ಒದ್ದೆ. ಅಲ್ಲಿಂದಾಚೆ ರಸ್ತೆ ಒಂದೇ ಸಮನೆ ಕೆಳಕ್ಕೆ ಜಾರಿತ್ತು. ಮುಂದೆ ರುಬೀನಾ, ನಡುವೆ ವರಲಕ್ಷ್ಮಮ್ಮ, ಹಿಂದೆ ಬಯ್ಯಪ್ಪನವರು.

ಸೈಕಲ್ಲು ವೇಗ ಹಿಡಿಯಿತು. ವರಲಕ್ಷ್ಮಮ್ಮ ಬ್ರೇಕು ಒತ್ತಿದರು.

ಏನೂ ಆಗಲಿಲ್ಲ.

ಎರಡೂ ಕೈಯಲ್ಲಿ ಬಲವಾಗಿ ಅದುಮಿದರು. ಕೀರೆಂಬ ಸದ್ದು ಬಂತೇ ಹೊರತು ಚಕ್ರ ನಿಧಾನವಾಗಲಿಲ್ಲ.

"ರುಬೀನಾ, ಪಕ್ಕಕ್ಕೆ ಹೋಗಮ್ಮ. ಬ್ರೇಕ್ ಹಿಡೀತಿಲ್ಲ."

ರುಬೀನಾ ತಿರುಗಿ ನೋಡುವಷ್ಟರಲ್ಲಿ ವರಲಕ್ಷ್ಮಮ್ಮ ಅವಳನ್ನು ದಾಟಿ ಹೋಗಿದ್ದರು. ಚೂಡಿದಾರದ ಬೆನ್ನು ಗಾಳಿಗೆ ಉಬ್ಬಿತ್ತು. ಸೈಕಲ್ಲಿನ ಹಾರದಿಂದ ಸೇವಂತಿಗೆ ದಳ ಹಾರಿ ಹಾರಿ ರುಬೀನಾಳ ಮುಖಕ್ಕೆ ಬಡಿಯಿತು.

"ಕಾಲು ಕೆಳಗಿಡ್ಬೇಡಿ. ಹ್ಯಾಂಡಲ್ ನೆಟ್ಟಗೆ ಹಿಡೀರಿ," ರುಬೀನಾ ಕೂಗಿದಳು.

ಮುಂದೆ ತಿರುವು. ಎಡಕ್ಕೆ ಬಂಡೆ, ಬಲಕ್ಕೆ ಮೋರಿ. ವರಲಕ್ಷ್ಮಮ್ಮ ಹಲ್ಲು ಕಚ್ಚಿ, ಮೈಯನ್ನೆಲ್ಲ ಒಂದು ಕಡೆಗೆ ವಾಲಿಸಿ ತಿರುವು ದಾಟಿದರು. ದಾಟಿದ ಮೇಲೆ ಕಂಡಿತು: ಅರ್ಧ ರಸ್ತೆಗೆ ಹುರುಳಿ ಬಳ್ಳಿ, ಮೊಣಕಾಲುದ್ದ ಹರಡಿದೆ. ಕವೆಗೋಲು ಹಿಡಿದ ಮುದುಕರೊಬ್ಬರು ಪಕ್ಕದಲ್ಲಿ ನಿಂತಿದ್ದಾರೆ. ಅದರಾಚೆ ರಸ್ತೆ ಮತ್ತೂ ಕಡಿದಾಗಿ ಇಳಿದು, ಕೆಳಗೆ ಎದುರಿನಿಂದ ಟೊಮೆಟೊ ಲಾರಿ ಏರಿ ಬರುತ್ತಿದೆ.

ಹುರುಳಿಯ ಮೇಲೆ ಹೋಗಬಾರದು ಎಂದು ರುಬೀನಾ ಹೇಳಿದ್ದು ನಿಜ. ಆದರೆ ಈಗ ಲಾರಿಗಿಂತ ಹುರುಳಿಯೇ ವಾಸಿ. ವರಲಕ್ಷ್ಮಮ್ಮ ಹ್ಯಾಂಡಲ್ಲು ತಿರುಗಿಸಿ ನೇರ ರಾಶಿಯೊಳಕ್ಕೇ ನುಗ್ಗಿದರು.

ಬಳ್ಳಿ ಸರಸರನೆ ಚಕ್ರಕ್ಕೆ ಸುತ್ತಿತು. ಸೈಕಲ್ಲು ಮುಗ್ಗರಿಸಿತು, ಎಳೆದಾಡಿತು, ಏನೋ ಲಟಕ್ಕೆಂದಿತು. ವರಲಕ್ಷ್ಮಮ್ಮ ಹುರುಳಿಯ ಮೇಲೆ ಮಕಾಡೆ ಬಿದ್ದರು. ಲಾರಿ ಹಾರನ್ ಹೊಡೆದು ಪಕ್ಕದಲ್ಲೇ ಹಾದು ಹೋಯಿತು.

ಕವೆಗೋಲಿನ ಮುದುಕರು ಮುನಿವೆಂಕಟಪ್ಪ ಅಂತ. ಅವರು ನಿಧಾನವಾಗಿ ಬಂದು ಬಗ್ಗಿ ನೋಡಿದರು. "ಏಮಮ್ಮ, ಬಸ್ಸು, ಲಾರಿ, ಟ್ರ್ಯಾಕ್ಟರು ಎಲ್ಲಾ ಇದ್ರ ಮೇಲೇ ಹೋದ್ವು. ಹಿಂಗೆ ಒಳಗೇ ಬಂದು ಮಲಗ್ದೋಳು ನೀನೊಬ್ಳೇ."

ಕೆಳಗಿನಿಂದಲೇ ವರಲಕ್ಷ್ಮಮ್ಮನಿಗೆ ನಗು ಬಂತು. ನಗು ಬಂದಿದ್ದರಿಂದ ಮೂಳೆ ಮುರಿದಿಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ಮೊಣಕಾಲು ತರಚಿ ರಕ್ತ ಬಂದಿತ್ತು, ಅಂಗೈ ಉರಿಯುತ್ತಿತ್ತು, ಅಷ್ಟೆ. ರುಬೀನಾ ಗಾಯ ತೊಳೆದು ಪಟ್ಟಿ ಕಟ್ಟಿದಳು.

ಸೈಕಲ್ಲಿನ ಸ್ಥಿತಿ ಬೇರೆ. ಹಿಂದಿನ ಗೇರು ಬದಲಿಸುವ ಭಾಗ ಮುರಿದು ಜೋತಾಡುತ್ತಿತ್ತು. ಬಯ್ಯಪ್ಪನವರು ಬಳ್ಳಿ ಬಿಡಿಸುತ್ತ ಬಿಲ್ಲೆಯ ಮೇಲೆ ಬೆರಳಾಡಿಸಿದರು. ಬೆರಳು ಕೆಂಪಾಯಿತು. ಮೂಸಿ ನೋಡಿದರು.

"ಕಡ್ಲೆಕಾಯಿ ಎಣ್ಣೆ," ಅಂದರು.

"ಹೂಂ, ಗಾಣದ್ದು," ಅಂದರು ವರಲಕ್ಷ್ಮಮ್ಮ. "ಯಾಕೆ?"

ಯಾಕೆ ಎಂದು ರುಬೀನಾ ವಿವರಿಸಿದಳು. ವರಲಕ್ಷ್ಮಮ್ಮ ಬಿಲ್ಲೆ ನೋಡಿದರು, ತಮ್ಮ ಬೆರಳು ನೋಡಿಕೊಂಡರು, ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನ ಬುದ್ಧಿಗಿಷ್ಟು. ಮಂಗಳಾರತೀನೂ ಮಾಡ್ದೆನಲ್ಲ ಇದಕ್ಕೆ."

ಅಷ್ಟರಲ್ಲಿ ವ್ಯಾನು ಬಂತು. ಪಾಷಾ ಇಳಿದವರೇ ಹಿಂಬಾಗಿಲು ತೆಗೆದರು. ರುಬೀನಾ ವರಲಕ್ಷ್ಮಮ್ಮನ ಪಕ್ಕ ಕೂತಳು.

"ಅಮ್ಮ, ಸಾಕು. ಗೇರಿಲ್ಲ, ಬ್ರೇಕಿಲ್ಲ. ನನ್ನ ಸೈಕಲ್ ಕೊಡಣ ಅಂದ್ರೆ ನಿಮ್ಗೆ ಕಾಲು ಎಟುಕಲ್ಲ. ಮುಂದೆ ಭಾಕರಾಪೇಟೆ ಘಾಟು ಇದೆ. ನಿಮ್ಗೇನಾದ್ರೂ ಆದ್ರೆ ನಾನು ತಡ್ಕೊಳ್ಳಲ್ಲ. ವ್ಯಾನ್ ಹತ್ತಿ."

ವರಲಕ್ಷ್ಮಮ್ಮನ ಕಣ್ಣು ತುಂಬಿತು. ನೋವಿಗಲ್ಲ. "ನಾನೇ ಬಳ್ಕೊಂಡಿದ್ದು, ಸರಿ, ತಪ್ಪು ನಂದೇ. ಅದಕ್ಕೆ ಬೇಕಾದ್ರೆ ಇಲ್ಲಿಂದ ನಡ್ಕೊಂಡೇ ಹೋಗ್ತೀನಿ. ಆದ್ರೆ ಅದ್ರೊಳಗೆ ಕೂತ್ರೆ, ಆಮೇಲೆ ಸಮುದ್ರ ನೋಡಿದ್ರೂ ನಾನು ನೋಡಿದ ಹಂಗಾಗಲ್ಲ ಕಣಮ್ಮ. ಇನ್ನೊಬ್ರು ತೋರಿಸ್ದಂಗೆ ಆಗುತ್ತೆ."

ಮುನಿವೆಂಕಟಪ್ಪನವರು ಕವೆಗೋಲಿನಿಂದ ಸೈಕಲ್ಲಿನ ಸುತ್ತಲಿನ ಬಳ್ಳಿ ಸರಿಸಿದರು.

ಆಗ ಬಯ್ಯಪ್ಪನವರು ಅಂಗಿಯ ತೋಳು ಮಡಚಿದರು. ಈ ಪ್ರವಾಸದಲ್ಲಿ ಮೊದಲ ಸಲ, ಸಲಹೆ ಕೊಡದೆ ಕೆಲಸಕ್ಕೆ ಕೂತರು. ಮುರಿದ ಭಾಗವನ್ನು ಕಿತ್ತು ತೆಗೆದು, ಚೈನಿನ ಕೊಂಡಿ ಬಿಚ್ಚಿ ಗಿಡ್ಡ ಮಾಡಿ, ಪೆಡಲಿನ ಹಲ್ಲುಚಕ್ರಕ್ಕೂ ಹಿಂದಿನ ಒಂದೇ ಹಲ್ಲುಚಕ್ರಕ್ಕೂ ಬಿಗಿಯಾಗಿ ಕೂರಿಸಿದರು. ಇನ್ನು ಒಂದೇ ಗೇರು, ಏರಿಗೂ ಅದೇ, ಇಳಿಜಾರಿಗೂ ಅದೇ. ಬ್ರೇಕಿನ ಎಣ್ಣೆ ತೆಗೆಯಲು ಪಾಷಾ ವ್ಯಾನಿನ ಸೀಟಿನಡಿಯಿಂದ ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ಎಳೆದರು. "ಬಿಸಾಡೋಕೆ ಮನಸ್ಸು ಬಂದಿರ್ಲಿಲ್ಲ," ಅಂದರು. ಬಿಲ್ಲೆಗಳನ್ನು ಉಜ್ಜಿ ಉಜ್ಜಿ ಒರೆಸಿದರು. ಎಣ್ಣೆ ಕುಡಿದ ಬ್ರೇಕ್ ತುಂಡುಗಳನ್ನು ಎಸೆದು ರುಬೀನಾ ಹೊಸದನ್ನು ಹಾಕಿದಳು.

"ಪರೀಕ್ಷೆ ಮಾಡಣ," ಅಂದಳು ಅವಳು. "ಮೇಲಿನ ತಿರುವಿಂದ ಇಳೀರಿ. ನಾನು ಕೈ ಎತ್ತಿದಲ್ಲಿ ನಿಲ್ಬೇಕು. ನಿಲ್ಲದಿದ್ರೆ ವ್ಯಾನು. ಆಮೇಲೆ ಅಳೋ ಹಂಗಿಲ್ಲ."

"ಆಗ್ಲಿ."

ವರಲಕ್ಷ್ಮಮ್ಮ ಕುಂಟುತ್ತ ಸೈಕಲ್ಲು ತಳ್ಳಿಕೊಂಡು ಏರಿದರು. ಹುರುಳಿ ಕಣದ ಮುಂದೆ ಮುನಿವೆಂಕಟಪ್ಪನವರು ಇನ್ನಷ್ಟು ಬಳ್ಳಿ ಎಳೆದು ದಪ್ಪ ಮಾಡಿದರು, ಯಾತಕ್ಕೂ ಇರಲಿ ಎಂದು.

ಸೈಕಲ್ಲು ಇಳಿಯಿತು. ವೇಗ ಹಿಡಿಯಿತು. ರುಬೀನಾ ಕೈ ಎತ್ತಿದಳು.

ಕಿರ್ರೆಂದು ಚಕ್ರ ಕಚ್ಚಿ ನಿಂತಿತು. ಮುಂದಿನ ಟೈರು ರುಬೀನಾಳ ಬೂಟಿಗೆ ಒಂದು ಗೇಣು ದೂರ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಉಸಿರು ಬಿಟ್ಟರು. ಪಾಷಾ ವ್ಯಾನಿನ ಹಿಂಬಾಗಿಲು ಮುಚ್ಚಿದರು.

ಅಲ್ಲಿಂದಾಚೆ ಪ್ರವಾಸ ನಿಧಾನವಾಯಿತು, ಮಜವೂ ಆಯಿತು. ಏರು ಬಂದಲ್ಲೆಲ್ಲ ವರಲಕ್ಷ್ಮಮ್ಮ ಇಳಿದು ತಳ್ಳುವರು, ಉಳಿದವರೂ ಇಳಿದು ಜೊತೆಗೆ ನಡೆಯುವರು. ಹೀಗೆ ನಡೆಯುತ್ತ ಬಯ್ಯಪ್ಪನವರಿಗೆ ಎಷ್ಟು ಕೇಳುಗರು ಸಿಕ್ಕರೆಂದರೆ ಮದನಪಲ್ಲಿ ಮುಟ್ಟುವಾಗ ಅವರ ಗಂಟಲೇ ಕಟ್ಟಿತ್ತು. ಭಾಕರಾಪೇಟೆಯ ಘಾಟಿನಲ್ಲಿ ಎರಡೂ ಕಡೆ ಕಾಡು, ಮರದಿಂದ ಮರಕ್ಕೆ ಕೋತಿಗಳು, ಬಂಡೆಯ ಸಂದಿನಿಂದ ತಣ್ಣನೆ ಗಾಳಿ. ಅಲ್ಲಿ ರುಬೀನಾ ಪ್ರತಿ ತಿರುವಿನಲ್ಲೂ ನಿಂತು ಕೈ ಎತ್ತಿದಳು, ವರಲಕ್ಷ್ಮಮ್ಮ ಪ್ರತಿ ತಿರುವಿನಲ್ಲೂ ನಿಂತು ತೋರಿಸಿದರು. ತಿರುಪತಿಯಲ್ಲಿ ಕೆಳಗಿನಿಂದಲೇ ಕೈ ಮುಗಿದರು. ಕಾಳಹಸ್ತಿ ದಾಟಿದ ಮೇಲೆ ಬಯಲು, ಎದುರುಗಾಳಿ, ಮೊಣಕಾಲಿನ ಊತ. ಒಂದು ಮಧ್ಯಾಹ್ನ ವರಲಕ್ಷ್ಮಮ್ಮ ರಸ್ತೆ ಬದಿ ಕೂತು ಯಾರಿಗೂ ಕಾಣದ ಹಾಗೆ ಅತ್ತರು. ಪಾಷಾ ಚಹಾ ತಂದುಕೊಟ್ಟರು, ವ್ಯಾನಿನ ಮಾತೆತ್ತಲಿಲ್ಲ. ಚಹಾ ಕುಡಿದು ಎದ್ದರು.

ಕೊನೆಯ ದಿನ ತಾಳೆಮರಗಳ ನಡುವೆ ಮರಳು ರಸ್ತೆ. ಗಾಳಿಗೆ ಉಪ್ಪಿನ ರುಚಿ ಬಂತು. ರುಬೀನಾ ಬೇಕೆಂದೇ ಹಿಂದೆ ಸರಿದಳು, ಬಯ್ಯಪ್ಪನವರನ್ನೂ ತೋಳು ಹಿಡಿದು ನಿಲ್ಲಿಸಿದಳು. ವರಲಕ್ಷ್ಮಮ್ಮ ಒಬ್ಬರೇ ಮುಂದೆ ಹೋದರು. ಮರಳಿನಲ್ಲಿ ಚಕ್ರ ಹೂತಾಗ ಇಳಿದು ತಳ್ಳಿದರು. ದಿಬ್ಬ ಹತ್ತಿದರು.

ಎದುರಿಗೆ ಸಮುದ್ರ, ಅಷ್ಟುದ್ದಕ್ಕೂ, ಅಷ್ಟಗಲಕ್ಕೂ. ವರಲಕ್ಷ್ಮಮ್ಮ ಸೈಕಲ್ಲನ್ನು ನೀರಿನವರೆಗೂ ತಳ್ಳಿಕೊಂಡು ಹೋಗಿ ಮುಂದಿನ ಚಕ್ರ ಅಲೆಯೊಳಗೆ ನಿಲ್ಲಿಸಿದರು. ಅಲೆ ಬಂದು ಮೊಣಕಾಲಿನ ಪಟ್ಟಿ ಒದ್ದೆ ಮಾಡಿತು. ಉಪ್ಪುನೀರಿಗೆ ಗಾಯ ಚುರುಗುಟ್ಟಿತು, ಆದರೂ ಅವರು ಕದಲಲಿಲ್ಲ. ಅವರಿಗೆ ಅಷ್ಟು ಸಂತೋಷವಾಗಿತ್ತು.

ಬಲೆ ಬಿಡಿಸುತ್ತಿದ್ದ ಹೆಂಗಸೊಬ್ಬಳು ಎಲ್ಲಿಂದ ಬಂದಿರೆಂದು ತೆಲುಗಿನಲ್ಲಿ ಕೇಳಿದಳು, "ಎಕ್ಕಡ್ನುಂಚಿ ವಚ್ಚಾರಮ್ಮಾ?"

"ನಂದಿ ಕೊಂಡ ನುಂಚಿ," ಅಂದರು ವರಲಕ್ಷ್ಮಮ್ಮ. ಆ ಬೆಟ್ಟ ಎಲ್ಲಿದೆಯೆಂದು ಆಕೆಗೆ ತಿಳಿಯಲಿಲ್ಲ. ಆದರೂ ತಲೆದೂಗಿ, ಕೂರಲು ಮಗುಚಿಟ್ಟ ಬುಟ್ಟಿ ಕೊಟ್ಟಳು.

ವಾಪಸಾತಿಗೆ ವ್ಯಾನು ಹತ್ತಲು ವರಲಕ್ಷ್ಮಮ್ಮನದು ಯಾವ ತಕರಾರೂ ಇರಲಿಲ್ಲ. ದಾರಿಯುದ್ದಕ್ಕೂ ಗೊರಕೆ ಹೊಡೆದರು. ನಗರಗೆರೆಯಲ್ಲಿ ಇಳಿಸಿದಾಗ ಹಾಲಿನ ಡೈರಿಯ ಹೊತ್ತು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಪಕ್ಕದ ಮನೆಯ ಮಾಲಾ ಅವರನ್ನು ಕಂಡಳು.

"ಏನಕ್ಕ, ಇಷ್ಟು ದಿನ ಕಾಣ್ಲೇ ಇಲ್ಲ. ಎಲ್ಲಿಗ್ ಹೋಗಿದ್ದೆ?"

"ಸಮುದ್ರಕ್ಕೆ."

"ಹೌದಾ. ಯಾರು ಕರ್ಕೊಂಡು ಹೋಗಿದ್ರು?"

ವರಲಕ್ಷ್ಮಮ್ಮ ಸೈಕಲ್ಲಿನ ಹ್ಯಾಂಡಲ್ಲಿಗೆ ಮೆತ್ತಿದ್ದ ಮರಳನ್ನು ನಿಧಾನವಾಗಿ ಒರೆಸಿದರು. ಈ ಪ್ರಶ್ನೆಗೆ ಉತ್ತರ ಕೊಡುವ ಸುಖವನ್ನು ಅವಸರದಲ್ಲಿ ಮುಗಿಸಲು ಅವರಿಗೆ ಇಷ್ಟವಿರಲಿಲ್ಲ.

"ಯಾರೂ ಕರ್ಕೊಂಡು ಹೋಗ್ಲಿಲ್ಲ ಕಣೇ. ನಾನೇ ಹೋದೆ."

"ಸುಳ್ಳು."

"ಸುಳ್ಳಾದ್ರೆ ಮೀನಖಂಡ ಮುಟ್ಟಿ ನೋಡು. ಕಲ್ಲಾಗಿದೆ."

ಮಾಲಾ ನಿಜವಾಗಿಯೂ ಬಗ್ಗಿ ಮುಟ್ಟಿ ನೋಡಿದಳು. ಸಾಲಿನಲ್ಲಿದ್ದ ಇನ್ನಿಬ್ಬರು ಹೆಂಗಸರೂ ಕ್ಯಾನು ಕೆಳಗಿಟ್ಟು ಹತ್ತಿರ ಬಂದರು.